ಬಂದಿಲ್ಲ, ಬರಲಿಲ್ಲ

ಇಂಗ್ಲಿಷ್ ವ್ಯಾಕರಣದಲ್ಲಿ ನಿಮಗೆ ಕಷ್ಟವಾಗುವುದು ಯಾವುದು ಎಂದು ಹಳ್ಳಿಯಿಂದ ಬಂದ ಪತ್ರಿಕೋದ್ಯಮ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಸ್ಪೆಲಿಂಗ್ ಅನ್ನುವವರು ಕೆಲವರು, ‘ಎ’, ‘ಆ್ಯನ್’, ‘ದಿ’ ಅನ್ನುವವರು ಇನ್ನು ಕೆಲವರು. ಪ್ರೆಸೆಂಟ್ ಪರ್ಫೆಕ್ಟ್ ಅನ್ನುವವರು ಕಡಿಮೆ. ಅದು ತಮಗೆ ಬರುತ್ತದೆ ಅಂತಲೇ ಎಲ್ಲರ ನಂಬಿಕೆ. ಸೂತ್ರ ಬಾಯಿಪಾಠವಾಗಿರುತ್ತದೆ: ಮೊದಲು ಕರ್ತೃ, ಆಮೇಲೆ ‘ಹ್ಯಾಸ್’ ಅಥವಾ ‘ಹ್ಯಾವ್’, ಆಮೇಲೆ ಕ್ರಿಯಾಪದದ ಮೂರನೇ ರೂಪ. ಗೋ, ವೆಂಟ್, ಗಾನ್. ಕಮ್, ಕೇಮ್, ಕಮ್. ಸೀ, ಸಾ, ಸೀನ್. ಮಗ್ಗಿ ಹೇಳಿದ ಹಾಗೆ ಹೇಳಿಸಿದ್ದಾರೆ. ಕೂಡಿಸಿ ಒಂದು ವಾಕ್ಯ ಮಾಡು ಅಂದರೆ ಯಾರು ಬೇಕಾದರೂ ಮಾಡುತ್ತಾರೆ. ಅದನ್ನು ಯಾವಾಗ ಬಳಸಬೇಕು ಅನ್ನುವುದು ಮಾತ್ರ ಆ ಸೂತ್ರದಲ್ಲಿಲ್ಲ.

ಈ ಬರಹ ಆ ‘ಯಾವಾಗ’ದ ಬಗ್ಗೆ. ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕ. ಆದರೆ ಹಳ್ಳಿಯ ಸುದ್ದಿಯನ್ನು ಇಂಗ್ಲಿಷಿನಲ್ಲಿ ಬರೆಯುವವರಿಗೆ, ಇಂಗ್ಲಿಷ್ ಪ್ರತಿಯನ್ನು ಕನ್ನಡಕ್ಕೆ ತರುವವರಿಗೆ ಅದರ ಬೆಲೆ ಎರಡು ಅಂಕಕ್ಕಿಂತ ಬಹಳ ಜಾಸ್ತಿ. ಒಂದು ಊರಿನ ತಕರಾರು ಇನ್ನೂ ಜೀವಂತವಾಗಿದೆಯೋ, ಮುಗಿದುಹೋಯಿತೋ ಎಂದು ಓದುಗ ತೀರ್ಮಾನ ಮಾಡುವುದು ಕೆಲವು ಸಲ ಈ ಒಂದು ‘ಹ್ಯಾಸ್’ ನೋಡಿಕೊಂಡೇ.

ನಮಗೆ ಶಾಲೆಯಲ್ಲಿ ಸಿಕ್ಕ ವಿವರಣೆ ಒಂದೇ ಸಾಲಿನದು: ‘ಈಗ ತಾನೇ ಮುಗಿದ ಕೆಲಸಕ್ಕೆ ಪ್ರೆಸೆಂಟ್ ಪರ್ಫೆಕ್ಟ್.’ ಇದು ಅರ್ಧ ಸತ್ಯ. ‘ಐ ಹ್ಯಾವ್ ಸೀನ್ ಜೋಗ್ ಫಾಲ್ಸ್’ ಅನ್ನುವವರು ಜೋಗವನ್ನು ಇಪ್ಪತ್ತು ವರ್ಷದ ಕೆಳಗೆ ಶಾಲಾ ಪ್ರವಾಸದಲ್ಲಿ ನೋಡಿರಬಹುದು. ವಾಕ್ಯ ಆಗಲೂ ಸರಿ. ಕೆಲಸ ಮುಗಿದು ಎಷ್ಟು ಹೊತ್ತಾಯಿತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಆ ಕೆಲಸಕ್ಕೂ ಈ ಹೊತ್ತಿಗೂ ಏನು ಸಂಬಂಧ ಅನ್ನುವುದೇ ಲೆಕ್ಕ. ಜೋಗ ನೋಡಿದ ಅನುಭವ ಈಗ ನನ್ನಲ್ಲಿದೆ, ಅದಕ್ಕೇ ಅದರ ಹೆಸರಿನಲ್ಲಿ ‘ಪ್ರೆಸೆಂಟ್’ ಇದೆ.

ಇದನ್ನು ತಿಳಿಯಲು ಲಂಡನ್ನಿನವರೆಗೆ ಹೋಗುವುದು ಬೇಡ. ಈ ರೂಪ ನಮ್ಮ ಮನೆಯಲ್ಲೇ ಇದೆ. ‘ಬಂದು’ ಮತ್ತು ‘ಇದ್ದಾನೆ’ ಕೂಡಿ ‘ಬಂದಿದ್ದಾನೆ’. ಬಂದದ್ದು ಹಿಂದೆ, ಇರುವುದು ಈಗ. ಧಾರವಾಡದ ಕಡೆ ‘ಊಟ ಮಾಡೀನಿ’, ಮೈಸೂರು ಕಡೆ ‘ಊಟ ಮಾಡಿದ್ದೀನಿ’, ಕರಾವಳಿಯಲ್ಲಿ ‘ಊಟ ಮಾಡಿದ್ದೇನೆ’. ಮೂರೂ ಒಂದೇ: ಮಾಡಿ ಆಗಿದೆ, ಆದ್ದರಿಂದ ಈಗ ಹಸಿವಿಲ್ಲ, ಮತ್ತೆ ಬಡಿಸಬೇಡಿ. ಕನ್ನಡ ವ್ಯಾಕರಣದ ಪಾಠದಲ್ಲಿ ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಕಾಲಗಳನ್ನು ಹೇಳಿಕೊಡುತ್ತಾರೆ. ತಿಂದನು, ತಿನ್ನುತ್ತಾನೆ, ತಿನ್ನುವನು. ‘ತಿಂದಿದ್ದಾನೆ’ಗೆ ಆ ಮೂರರಲ್ಲಿ ಪ್ರತ್ಯೇಕ ಜಾಗ ಇಲ್ಲ. ಹಾಗಾಗಿ ಇಂಗ್ಲಿಷ್ ಪಾಠದಲ್ಲಿ ಹನ್ನೆರಡು ಟೆನ್ಸ್‌ಗಳ ಪಟ್ಟಿ ಎದುರಾದಾಗ, ಅವುಗಳಲ್ಲಿ ಒಂದನ್ನು ತಾವು ದಿನಾ ಬೆಳಿಗ್ಗೆಯಿಂದ ರಾತ್ರಿವರೆಗೆ ಆಡುತ್ತಿದ್ದೇವೆ ಎನ್ನುವುದು ಮಕ್ಕಳಿಗೆ ಹೊಳೆಯುವುದೇ ಇಲ್ಲ.

ಒಂದು ವ್ಯತ್ಯಾಸ ಇದೆ. ನಾವು ‘ಇರು’ ಬಳಸುವ ಕಡೆ ಇಂಗ್ಲಿಷಿನವರು ‘ಹ್ಯಾವ್’ ಬಳಸುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಅದು ನಿಜಕ್ಕೂ ಸ್ವಂತದ್ದು ಎಂದು ಹೇಳುವ ಮಾತಾಗಿತ್ತು. ‘ಬರೆದ ಪತ್ರ ನನ್ನ ಬಳಿ ಇದೆ’ ಎನ್ನುವಂಥ ವಾಕ್ಯಗಳಿಂದ ನಿಧಾನಕ್ಕೆ ‘ಪತ್ರ ಬರೆದಿದ್ದೇನೆ’ ಹುಟ್ಟಿಕೊಂಡಿತು. ಹೋಗು, ಬರು ಮೊದಲಾದ ಕ್ರಿಯಾಪದಗಳಿಗೆ ಅವರೂ ಬಹಳ ಕಾಲ ‘ಇರು’ವನ್ನೇ ಬಳಸುತ್ತಿದ್ದರು. ಶೇಕ್ಸ್‌ಪಿಯರ್ ಕಾಲದಲ್ಲಿ ‘ಹಿ ಈಸ್ ಕಮ್’ ತಪ್ಪಲ್ಲ. ನಮ್ಮ ‘ಬಂದಿದ್ದಾನೆ’ಯ ಅಕ್ಷರಶಃ ಜೋಡಿ ಅದು. ಆಮೇಲೆ ‘ಹ್ಯಾವ್’ ಎಲ್ಲ ಕಡೆ ಹರಡಿಕೊಂಡಿತು.

ಹೋಲಿಕೆ ಎಷ್ಟು ದೂರ ಬರುತ್ತದೆ ಎಂದು ಒಂದು ಸಣ್ಣ ಪರೀಕ್ಷೆ ಮಾಡಬಹುದು. ‘ಜೋಗ ನೋಡಿದ್ದೀರಾ?’ ಮತ್ತು ‘ಜೋಗ ನೋಡಿದ್ರಾ?’ ಎರಡನ್ನೂ ಜೋರಾಗಿ ಹೇಳಿ. ಮೊದಲನೆಯದು ಬದುಕಿನಲ್ಲಿ ಯಾವಾಗಲಾದರೂ ನೋಡಿದ್ದುಂಟೇ ಎಂಬ ಪ್ರಶ್ನೆ. ಎರಡನೆಯದು ಮೊನ್ನೆ ಸಾಗರದ ಕಡೆ ಹೋಗಿ ಬಂದವರನ್ನು ಕೇಳುವುದು. ಇಂಗ್ಲಿಷಿನಲ್ಲಿ ಮೊದಲನೆಯದು ‘ಹ್ಯಾವ್ ಯು ಸೀನ್’, ಎರಡನೆಯದು ‘ಡಿಡ್ ಯು ಸೀ’. ಹಾಗೆಯೇ ‘ಮೈಸೂರಿಗೆ ಹೋಗಿದ್ದಾನೆ’ ಅಂದರೆ ಇನ್ನೂ ಅಲ್ಲೇ ಇದ್ದಾನೆ, ‘ಹ್ಯಾಸ್ ಗಾನ್’. ‘ಮೈಸೂರಿಗೆ ಹೋಗಿ ಬಂದಿದ್ದಾನೆ’ ಅಂದರೆ ಮೈಸೂರು ಕಂಡವನು, ‘ಹ್ಯಾಸ್ ಬೀನ್ ಟು’. ‘ಗಾನ್’ ಮತ್ತು ‘ಬೀನ್’ ನಡುವಿನ ವ್ಯತ್ಯಾಸಕ್ಕೆ ವ್ಯಾಕರಣ ಪುಸ್ತಕಗಳು ಅರ್ಧ ಪುಟ ತೆಗೆದುಕೊಳ್ಳುತ್ತವೆ. ಕನ್ನಡದ ಹುಡುಗನಿಗೆ ‘ಬಂದಿದ್ದಾನೆ’ ಸೇರಿಸಿ ಹೇಳಿದರೆ ಸಾಕು.

ಆದರೆ ಹೋಲಿಕೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ‘ಇಲ್ಲ’ ಅನ್ನುವಾಗ. ‘ಬಂದಿಲ್ಲ’ ಮತ್ತು ‘ಬರಲಿಲ್ಲ’.

‘ಈ ವರ್ಷ ಮಳೆ ಬಂದಿಲ್ಲ’ ಅನ್ನುವ ರೈತ ಇನ್ನೂ ಮುಗಿಲು ನೋಡುತ್ತಿದ್ದಾನೆ. ಬಿತ್ತನೆ ಬೀಜ ಮನೆಯಲ್ಲಿದೆ. ‘ಈ ವರ್ಷ ಮಳೆ ಬರಲಿಲ್ಲ’ ಅನ್ನುವ ರೈತ ಬೀಜವನ್ನು ತೆಗೆದಿಟ್ಟು ಕೂಲಿಗೆ ಹೊರಟಿದ್ದಾನೆ. ಮೊದಲನೆಯದರಲ್ಲಿ ಹಂಗಾಮು ತೆರೆದಿದೆ, ಎರಡನೆಯದರಲ್ಲಿ ಮುಚ್ಚಿದೆ. ಆಡುಮಾತಿನಲ್ಲಿ ಈ ಗಡಿ ಅಷ್ಟು ಬಿಗಿ ಅಲ್ಲ. ‘ನಿನ್ನೆ ಬಂದಿಲ್ಲ’ ಅನ್ನುವವರು ಇದ್ದಾರೆ, ‘ಬಸ್ ಇನ್ನೂ ಬರ್ಲಿಲ್ವಲ್ಲ’ ಅನ್ನುವವರೂ ಇದ್ದಾರೆ. ಆದರೂ ಎರಡನ್ನು ಅಕ್ಕಪಕ್ಕ ಇಟ್ಟು ‘ಯಾವುದರಲ್ಲಿ ಇನ್ನೂ ಆಸೆ ಇದೆ?’ ಎಂದು ಕೇಳಿದರೆ ಓದು ಬಾರದ ಅಜ್ಜಿಯೂ ‘ಬಂದಿಲ್ಲ’ ಕಡೆಗೆ ಬೆರಳು ತೋರಿಸುತ್ತಾಳೆ. ಇಂಗ್ಲಿಷಿನಲ್ಲಿ ‘ಹ್ಯಾಸ್ ನಾಟ್ ಕಮ್’ ಮತ್ತು ‘ಡಿಡ್ ನಾಟ್ ಕಮ್’ ನಡುವೆ ಇರುವುದೂ ಇದೇ ಗೆರೆ.

ಈ ಗೆರೆಯ ತೂಕ ಗೊತ್ತಾಗಲು 2023ರ ಬರಗಾಲವನ್ನು ನೆನಪಿಸಿಕೊಳ್ಳಬೇಕು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಮುಂದೆ ಆ ಸಂಖ್ಯೆ 223ಕ್ಕೆ ಏರಿತು. ರಾಜ್ಯದಲ್ಲಿ ಇದ್ದದ್ದೇ 236 ತಾಲ್ಲೂಕು. ಮಳೆಯಾಶ್ರಿತ ಬೆಳೆ ಹಾಳಾದರೆ ಆಗಿನ ವಿಪತ್ತು ಪರಿಹಾರದ ನಿಯಮದಂತೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ಗೆ ಮಾತ್ರ. ರಾಜ್ಯ ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. ಹಣ ಬರಲು ತಡವಾದಾಗ ಮೊದಲ ಕಂತು ಎಂದು ಒಬ್ಬ ರೈತನಿಗೆ 2,000 ರೂಪಾಯಿವರೆಗೆ ತಾನೇ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಯಲ್ಲಿ ಕೇಂದ್ರದಿಂದ ಮೂರೂವರೆ ಸಾವಿರ ಕೋಟಿಯ ಹತ್ತಿರ ಹಣ ಬಂತು.

ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಆ ಎಂಟು ತಿಂಗಳು ಊರೂರಲ್ಲಿ ಕೇಳುತ್ತಿದ್ದ ವಾಕ್ಯ ‘ಪರಿಹಾರ ಬಂದಿಲ್ಲ’. ಆಮೇಲೆ ಅದು ‘ಎರಡು ಸಾವಿರ ಬಂದಿದೆ, ಉಳಿದದ್ದು ಬಂದಿಲ್ಲ’ ಆಯಿತು. ಹಣ ಬಿಡುಗಡೆಯಾದ ಮೇಲೂ, ಫ್ರೂಟ್ಸ್ ಐಡಿಯಲ್ಲಿ ಸರ್ವೆ ನಂಬರ್ ಸೇರದವರಿಗೆ, ಖಾತೆಗೆ ಆಧಾರ್ ಜೋಡಣೆಯಾಗದವರಿಗೆ ಅದು ‘ನಮಗೆ ಬಂದಿಲ್ಲ’ ಆಗಿಯೇ ಉಳಿಯಿತು. ಯಾರೂ ‘ಬರಲಿಲ್ಲ’ ಅನ್ನುತ್ತಿರಲಿಲ್ಲ. ‘ಬರಲಿಲ್ಲ’ ಅಂದರೆ ಕೈಬಿಟ್ಟ ಹಾಗೆ. ಅರ್ಜಿ ಹಾಕಿದವನು ಕೈಬಿಟ್ಟಿರಲಿಲ್ಲ. ಇಂಥ ಮಾತನ್ನು ಇಂಗ್ಲಿಷಿಗೆ ತರುವವರು ‘ರಿಲೀಫ್ ಡಿಡ್ ನಾಟ್ ಕಮ್’ ಎಂದು ಬರೆದರೆ ವ್ಯಾಕರಣದಲ್ಲಿ ಏನೂ ತಪ್ಪಿಲ್ಲ. ಯಾವ ಸ್ಪೆಲ್‌ಚೆಕ್ಕೂ ಕೆಂಪು ಗೆರೆ ಎಳೆಯುವುದಿಲ್ಲ. ಆದರೆ ರೈತ ತೆರೆದಿಟ್ಟ ಬಾಗಿಲನ್ನು ವರದಿಗಾರ ಮುಚ್ಚಿದ ಹಾಗಾಗುತ್ತದೆ.

ಇಷ್ಟು ಹೇಳಿದ ಮೇಲೆ, ಕನ್ನಡದ ರೂಪವನ್ನು ಕಣ್ಣು ಮುಚ್ಚಿ ಇಂಗ್ಲಿಷಿಗೆ ಎತ್ತಿ ಇಟ್ಟರೆ ಆಯಿತು ಎಂದುಕೊಳ್ಳಬಾರದು. ನಮ್ಮ ಕಡೆಯವರ ಇಂಗ್ಲಿಷ್ ಪ್ರತಿಗಳಲ್ಲಿ ಡೆಸ್ಕಿನವರು ಅತಿ ಹೆಚ್ಚು ಹೊಡೆದು ಹಾಕುವ ಜಾಗ ಇನ್ನೊಂದಿದೆ. ‘ಪೊಲೀಸರು ಸೋಮವಾರ ಇಬ್ಬರನ್ನು ಬಂಧಿಸಿದ್ದಾರೆ.’ ಕನ್ನಡದಲ್ಲಿ ಇದು ದಿನನಿತ್ಯದ ವಾಕ್ಯ. ಇಂಗ್ಲಿಷಿನಲ್ಲಿ ‘ಹ್ಯಾವ್ ಅರೆಸ್ಟೆಡ್’ ಇದ್ದಲ್ಲಿ ‘ಆನ್ ಮಂಡೇ’ ಕೂರುವುದಿಲ್ಲ. ದಿನ ಹೇಳಿದರೆ ‘ಅರೆಸ್ಟೆಡ್’ ಅಷ್ಟೇ. ನಿನ್ನೆ, ಕಳೆದ ವಾರ, 2019ರಲ್ಲಿ, ಹತ್ತು ಗಂಟೆಗೆ, ಇವು ಯಾವುವೂ ಪ್ರೆಸೆಂಟ್ ಪರ್ಫೆಕ್ಟ್ ಜೊತೆ ಬಾಳುವುದಿಲ್ಲ.

ಯಾಕೆ ಹೀಗೆ? ಹಾನ್ಸ್ ರೈಶೆನ್‌ಬಾಖ್ ಎಂಬ ತತ್ತ್ವಜ್ಞಾನಿ 1947ರಲ್ಲಿ ಒಂದು ಸರಳ ದಾರಿ ತೋರಿಸಿದರು. ಪ್ರತಿ ವಾಕ್ಯದಲ್ಲೂ ಮೂರು ಗಳಿಗೆ ಇರುತ್ತವೆ: ಘಟನೆ ನಡೆದ ಗಳಿಗೆ, ಮಾತಾಡುವ ಗಳಿಗೆ, ನಾವು ನಿಂತು ನೋಡುವ ಗಳಿಗೆ. ‘ಕೇಮ್’ ಅನ್ನುವಾಗ ನಾವು ಹಿಂದಕ್ಕೆ ಹೋಗಿ ಘಟನೆಯ ಪಕ್ಕ ನಿಂತು ನೋಡುತ್ತೇವೆ. ‘ಹ್ಯಾಸ್ ಕಮ್’ ಅನ್ನುವಾಗ ಇಲ್ಲೇ, ಈಗಲೇ ನಿಂತು ಹಿಂದಕ್ಕೆ ನೋಡುತ್ತೇವೆ. ‘ಈಗ’ದಲ್ಲಿ ನಿಂತವರ ಬಾಯಲ್ಲಿ ‘ಸೋಮವಾರ’ ಅನ್ನುವುದು ಇಂಗ್ಲಿಷ್ ಕಿವಿಗೆ ಒಪ್ಪುವುದಿಲ್ಲ. ಈ ವಿವರಣೆಯೂ ಪೂರ್ತಿ ಸಾಲದು ಎಂದು ವಿದ್ವಾಂಸರು ಇವತ್ತಿಗೂ ಜಗಳಾಡುತ್ತಾರೆ. ಜರ್ಮನ್ ಭಾಷಾವಿಜ್ಞಾನಿ ವೋಲ್ಫ್‌ಗಾಂಗ್ ಕ್ಲೈನ್ 1992ರಲ್ಲಿ ಬರೆದ ಪ್ರಬಂಧದ ಹೆಸರಿನಲ್ಲೇ ‘ಒಗಟು’ ಎಂಬ ಪದ ಇದೆ. ಹಾಗಾಗಿ ಇದು ಕಷ್ಟ ಎನಿಸಿದರೆ ಹಳ್ಳಿಯವರೆಂಬ ಕೀಳರಿಮೆ ಬೇಕಾಗಿಲ್ಲ.

ಕನ್ನಡಕ್ಕೆ ಈ ನಿರ್ಬಂಧ ಇಲ್ಲದಿರುವುದರ ಹಿಂದೆ ಒಂದು ಸ್ವಾರಸ್ಯ ಇದೆ. ಬೆಳಿಗ್ಗೆ ಎದ್ದು ಅಂಗಳ ಒದ್ದೆಯಾಗಿರುವುದನ್ನು ಕಂಡು ‘ರಾತ್ರಿ ಮಳೆ ಬಂದಿದೆ’ ಅನ್ನುತ್ತೇವೆ. ಮಳೆಯ ಸದ್ದಿಗೆ ಎಚ್ಚರವಾಗಿದ್ದವರು ‘ರಾತ್ರಿ ಮಳೆ ಬಂತು’ ಅನ್ನುತ್ತಾರೆ. ಕಣ್ಣಾರೆ ಕಂಡದ್ದು ‘ಬಂತು’, ಗುರುತು ನೋಡಿ ತಿಳಿದದ್ದು ‘ಬಂದಿದೆ’. ಕನ್ನಡ ಪತ್ರಿಕೆಗಳು ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡದೆ ಪಾಲಿಸಿಕೊಂಡು ಬಂದಿವೆ. ವರದಿಗಾರ ಸಭೆಯಲ್ಲಿ ಕೂತು ಕೇಳಿದ ಭಾಷಣ ಸಾಮಾನ್ಯವಾಗಿ ‘ಎಂದು ಸಚಿವರು ಹೇಳಿದರು’ ಎಂದು ಮುಗಿಯುತ್ತದೆ. ಕಚೇರಿಗೆ ಬಂದ ಪ್ರಕಟಣೆ ‘ಎಂದು ಪ್ರಕಟಣೆಯಲ್ಲಿ ತಿಳಿಸಿದ್ದಾರೆ’ ಎಂದು ಮುಗಿಯುತ್ತದೆ. ನಾಳೆ ಬೆಳಿಗ್ಗೆ ಪೇಪರ್ ಹಿಡಿದಾಗ ವಾಕ್ಯದ ಕೊನೆಗಳನ್ನು ಮಾತ್ರ ಓದುತ್ತಾ ಹೋಗಿ. ಯಾವ ಸುದ್ದಿಗೆ ವರದಿಗಾರ ಹೋಗಿದ್ದ, ಯಾವುದು ಇಮೇಲ್‌ನಲ್ಲಿ ಬಂತು ಎಂದು ಬಹುಪಾಲು ಊಹಿಸಬಹುದು. ಇಂಗ್ಲಿಷಿನ ‘ಹ್ಯಾಸ್ ಸೆಡ್’ಗೆ ಈ ಗುಣ ಇಲ್ಲ. ಅಲ್ಲಿ ಅದನ್ನು ‘ಇನ್ ಎ ಸ್ಟೇಟ್‌ಮೆಂಟ್’ ಎಂದು ಬಿಡಿಸಿ ಹೇಳಬೇಕು.

ಇನ್ನು ಕೆಲವು ಕಡೆ ನಾವು ಒಂದು ದಾರಿ, ಅವರು ಇನ್ನೊಂದು ದಾರಿ. ಕತ್ತಲಲ್ಲಿ ಕೂತಿದ್ದ ಮನೆಯವರು ಬಲ್ಬ್ ಹೊತ್ತಿದ ಕೂಡಲೇ ‘ಕರೆಂಟ್ ಬಂತು’ ಅನ್ನುತ್ತಾರೆ. ರಸ್ತೆಯ ತಿರುವಿನಲ್ಲಿ ಬಸ್ಸಿನ ಮೂತಿ ಕಂಡರೆ ‘ಬಸ್ ಬಂತು’. ಕರೆದವರಿಗೆ ಒಳಗಿನಿಂದಲೇ ‘ಬಂದೆ, ಬಂದೆ’. ಆಗತಾನೇ ಆದದ್ದಕ್ಕೆ, ಇನ್ನೇನು ಆಗಲಿರುವುದಕ್ಕೆ ಕೂಡ ನಮಗೆ ಸಾದಾ ಭೂತಕಾಲವೇ ಸಾಕು. ಬ್ರಿಟಿಷ್ ಇಂಗ್ಲಿಷ್ ಅಲ್ಲಿ ‘ಹ್ಯಾಸ್’ ಕೇಳುತ್ತದೆ. ಅಮೆರಿಕದವರು ಈ ವಿಷಯದಲ್ಲಿ ಸ್ವಲ್ಪ ನಮ್ಮ ಕಡೆ. ‘ಊಟ ಆಯ್ತಾ’ ಎಂಬರ್ಥದಲ್ಲಿ ‘ಡಿಡ್ ಯು ಈಟ್ ಯೆಟ್’ ಅನ್ನುವುದು ಅಲ್ಲಿ ಸಹಜ. ಹಾಗೆಯೇ ‘ನಿನ್ನೆ ಸಂತೆಗೆ ಹೋಗಿದ್ದೆ’ ಅಂದರೆ ಹೋಗಿ ವಾಪಸ್ ಬಂದಿದ್ದೇನೆ ಎಂದು ನಮಗೆ ಗೊತ್ತು. ಅದನ್ನೇ ‘ಐ ಹ್ಯಾಡ್ ಗಾನ್’ ಎಂದು ಬರೆದರೆ ಇಂಗ್ಲಿಷ್ ಓದುಗ ‘ಆಮೇಲೆ ಏನಾಯಿತು?’ ಎಂದು ಕಾಯುತ್ತಾನೆ. ಅವನ ಪ್ರಕಾರ ‘ಹ್ಯಾಡ್’ ಬಂತೆಂದರೆ ಅದರ ನಂತರ ನಡೆದ ಇನ್ನೊಂದು ಸಂಗತಿ ಇರಲೇಬೇಕು.

ನಮ್ಮ ‘ಇಂದ’ ಪ್ರತ್ಯಯದ ಕಥೆ ಬೇರೆ. ‘ಮಾರ್ಚ್‌ನಿಂದ ಇಲ್ಲಿದ್ದೇನೆ’, ‘ಹತ್ತು ವರ್ಷದಿಂದ ಇಲ್ಲಿದ್ದೇನೆ’, ಎರಡಕ್ಕೂ ಒಂದೇ ಪ್ರತ್ಯಯ, ಒಂದೇ ವರ್ತಮಾನ ಕಾಲ. ಇಂಗ್ಲಿಷಿನಲ್ಲಿ ಶುರುವಾದ ದಿನಕ್ಕೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’, ಎರಡರ ಜೊತೆಗೂ ‘ಹ್ಯಾವ್ ಬೀನ್’. ‘ಐ ಆ್ಯಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಅನ್ನುವ ವಾಕ್ಯ ಅಪ್ಪಟ ಕನ್ನಡ, ಇಂಗ್ಲಿಷ್ ಅಂಗಿ ತೊಟ್ಟಿದೆ ಅಷ್ಟೇ. ಸಂದರ್ಶನದಲ್ಲಿ ಇದನ್ನು ಕೇಳಿ ನಗುವವರಿದ್ದಾರೆ. ನಗಲಿ. ನಮ್ಮ ಚಿಂತೆ ಇದಕ್ಕಿಂತ ದೊಡ್ಡದು.

ಯಾಕೆಂದರೆ ಅದೇ ಜಾಗದಲ್ಲಿ ಸಾದಾ ಭೂತಕಾಲ ಬಂದರೆ ಯಾರೂ ನಗುವುದಿಲ್ಲ, ಆದರೆ ಅರ್ಥ ಕೆಡುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನೋಡಿ. ಬುಡಕಟ್ಟಿಗೆ ಸೇರದ, ಆದರೆ ಕಾಡನ್ನೇ ನಂಬಿ ಬದುಕುವ ಕುಟುಂಬಗಳು 2005ರ ಡಿಸೆಂಬರ್ 13ಕ್ಕಿಂತ ಮೊದಲು ಮೂರು ತಲೆಮಾರು ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. ಕಾಯ್ದೆಯ ಲೆಕ್ಕದಲ್ಲಿ ಒಂದು ತಲೆಮಾರು ಎಂದರೆ 25 ವರ್ಷ. ಉತ್ತರ ಕನ್ನಡದಲ್ಲಿ, ಮಲೆನಾಡಿನಲ್ಲಿ ಇಂಥ ಅರ್ಜಿಗಳ ಸುದ್ದಿ ಮಾಡಿದವರಿಗೆ 75 ವರ್ಷದ ದಾಖಲೆ ಹುಡುಕುವುದು ಎಂಥ ಪಾಡು ಎಂದು ಗೊತ್ತು. ಈ ಕುಟುಂಬಗಳ ಬಗ್ಗೆ ‘ಲಿವ್ಡ್ ಹಿಯರ್ ಫಾರ್ ಜನರೇಶನ್ಸ್’ ಎಂದು ಬರೆದರೆ, ಅವರು ಈಗ ಅಲ್ಲಿಲ್ಲ ಎಂದು ಓದಿಕೊಳ್ಳಲು ದಾರಿ ಮಾಡಿಕೊಟ್ಟ ಹಾಗೆ. ‘ಹ್ಯಾವ್ ಲಿವ್ಡ್’ ಎಂದು ಬರೆದರೆ ಅಂದೂ ಇದ್ದರು, ಇಂದೂ ಇದ್ದಾರೆ. ಒಂದೇ ಪದ ಬಿಟ್ಟುಹೋದರೆ ವಾಕ್ಯದ ಮಟ್ಟಿಗೆ ಅವರನ್ನು ಒಕ್ಕಲೆಬ್ಬಿಸಿ ಆಯಿತು.

ಸುದ್ದಿ ಬರಹದಲ್ಲಿ ಈ ಟೆನ್ಸ್‌ಗೆ ಗೊತ್ತಾದ ಒಂದು ಜಾಗವೂ ಇದೆ. ಜೇಮ್ಸ್ ಮೆಕಾಲಿ ಎಂಬ ಅಮೆರಿಕದ ಭಾಷಾವಿಜ್ಞಾನಿ (1835ರಲ್ಲಿ ನಮಗೆ ಇಂಗ್ಲಿಷ್ ಶಿಕ್ಷಣ ಬೇಕೆಂದು ಬರೆದ ಮೆಕಾಲೆ ಅಲ್ಲ, ಇವರು ಬೇರೆ) 1971ರಲ್ಲಿ ಪ್ರೆಸೆಂಟ್ ಪರ್ಫೆಕ್ಟ್‌ನ ಬಳಕೆಗಳನ್ನು ವಿಂಗಡಿಸುತ್ತಾ ಅವುಗಳಲ್ಲಿ ಒಂದಕ್ಕೆ ‘ಬಿಸಿ ಸುದ್ದಿ’ಯ ಬಳಕೆ ಎಂದೇ ಹೆಸರಿಟ್ಟರು. ರೇಡಿಯೊ ಮತ್ತು ಟಿವಿ ಸುದ್ದಿಯ ಮೊದಲ ವಾಕ್ಯ ಗಮನಿಸಿ: ಸರ್ಕಾರ ಘೋಷಿಸಿದೆ, ನ್ಯಾಯಾಲಯ ತೀರ್ಪು ನೀಡಿದೆ, ಇಬ್ಬರು ಮೃತಪಟ್ಟಿದ್ದಾರೆ. ಮೊದಲ ವಾಕ್ಯ ‘ಹ್ಯಾಸ್’ನಲ್ಲಿ, ದಿನಾಂಕ ಇಲ್ಲದೆ. ಎರಡನೇ ವಾಕ್ಯದಿಂದ ಸಾದಾ ಭೂತಕಾಲ, ದಿನ, ಸಮಯ, ಜಾಗದ ಸಮೇತ. ಕನ್ನಡದಿಂದ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದು ಒಳ್ಳೆಯ ಚೌಕಟ್ಟು. ‘ಸೋಮವಾರ ಬಂಧಿಸಿದ್ದಾರೆ’ ಎಂಬುದನ್ನು ಎರಡು ವಾಕ್ಯವಾಗಿ ಒಡೆದರೆ ತಕರಾರು ಮುಗಿಯಿತು.

ಆದರೆ ದಿನಾಂಕ ಇಲ್ಲದ ಆ ಮೊದಲ ವಾಕ್ಯದಲ್ಲೇ ನಿಂತುಬಿಡುವ ಜನ ಇದ್ದಾರೆ. ಸರ್ಕಾರಿ ಕಚೇರಿಗಳ ನೆಚ್ಚಿನ ಕಾಲ ಇದು. ಪ್ರಸ್ತಾವ ಸಲ್ಲಿಸಲಾಗಿದೆ. ಕ್ರಮ ಕೈಗೊಳ್ಳಲಾಗಿದೆ. ತನಿಖೆಗೆ ಆದೇಶಿಸಲಾಗಿದೆ. ಅನುದಾನ ಮಂಜೂರಾಗಿದೆ. ಇಂಗ್ಲಿಷಿನಲ್ಲೂ ಇದೇ ಮಾತು, ‘ಹ್ಯಾಸ್ ಬೀನ್ ಸಬ್ಮಿಟೆಡ್’, ‘ಹ್ಯಾಸ್ ಬೀನ್ ಸ್ಯಾಂಕ್ಷನ್ಡ್’. ‘ಲಾಗಿದೆ’ ಅಂದದ್ದರಿಂದ ಮಾಡಿದವರು ಯಾರು ಎಂದು ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಂತೂ ಯಾವಾಗ ಎಂದು ಹೇಳದೆ ಇರಲು ವ್ಯಾಕರಣವೇ ಅನುಮತಿ ಕೊಡುತ್ತದೆ. ಮಾತಾಡಿದವರು ಸುಳ್ಳು ಹೇಳಿಲ್ಲ, ಆದರೆ ಹಿಡಿಯಲು ಏನೂ ಕೊಟ್ಟಿಲ್ಲ. 2023ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಪ್ರಕಟವಾಯಿತು. ‘ಘೋಷಿಸಲಾಗಿದೆ’ ಎಂಬ ವಾಕ್ಯ ಎಷ್ಟು ಸಲ ಅಚ್ಚಾಯಿತೋ, ‘ಹಣ ಬಂದಿಲ್ಲ’ ಎಂದು ರಾಜ್ಯ ಸರ್ಕಾರ ಅಷ್ಟೇ ಸಲ ಹೇಳಿತು. ಚಿತ್ರದುರ್ಗ, ತುಮಕೂರಿನ ಒಣ ತಾಲ್ಲೂಕುಗಳ ರೈತರು ಈ ಎರಡು ಪರ್ಫೆಕ್ಟ್‌ಗಳ ನಡುವೆ ಕೂತಿದ್ದರು.

ತಾಲ್ಲೂಕು ಮಟ್ಟದ ಕಚೇರಿಯೊಂದರಲ್ಲಿ ನಮ್ಮಲ್ಲೊಬ್ಬರಿಗೂ ಅಧಿಕಾರಿಯೊಬ್ಬರಿಗೂ ನಡೆದ ಮಾತು ಹೀಗಿತ್ತು.

‘ಸಾರ್, ಶುದ್ಧ ಕುಡಿಯುವ ನೀರಿನ ಘಟಕದ ದುರಸ್ತಿ ಏನಾಯ್ತು?’

‘ಪ್ರಸ್ತಾವ ಕಳಿಸಲಾಗಿದೆ.’

‘ಯಾವಾಗ ಕಳಿಸಿದ್ರಿ ಸಾರ್?’

‘ಕಳಿಸಲಾಗಿದೆ ಅಂತ ಹೇಳಿದೆನಲ್ಲಮ್ಮ.’

‘ಹೌದು ಸಾರ್. ತಾರೀಕು ಹೇಳಿದ್ರೆ ಬರ್ಕೊಳ್ತೀನಿ.’

ಅವರು ಗುಮಾಸ್ತರನ್ನು ಕರೆದರು. ಗುಮಾಸ್ತರು ಕಡತ ತಂದರು. ಪ್ರಸ್ತಾವ ಅದರಲ್ಲೇ ಇತ್ತು, ಸಹಿ ಆಗಿರಲಿಲ್ಲ. ‘ಯಾವಾಗ’ ಎಂದು ಕೇಳಿದ ತಕ್ಷಣ ಉತ್ತರ ಕೊಡುವವರು ಪರ್ಫೆಕ್ಟ್‌ನಿಂದ ಇಳಿದು ಸಾದಾ ಭೂತಕಾಲಕ್ಕೆ ಬರಲೇಬೇಕು, ಇಲ್ಲವೇ ಸುಮ್ಮನಾಗಬೇಕು. ಬಾಯಿಮಾತಿಗೆ ಬಗ್ಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಆ ಅರ್ಜಿಯಲ್ಲಿ ‘ಕಳಿಸಲಾಗಿದೆಯೇ?’ ಎಂದು ಕೇಳಿದರೆ ‘ಹೌದು’ ಎಂದು ಒಂದು ಪದದಲ್ಲಿ ಮುಗಿಸುತ್ತಾರೆ. ‘ಯಾವ ದಿನಾಂಕದಂದು, ಯಾವ ಪತ್ರ ಸಂಖ್ಯೆಯಲ್ಲಿ ಕಳಿಸಲಾಯಿತು, ಅದರ ಪ್ರತಿ ಕೊಡಿ’ ಎಂದು ಕೇಳಬೇಕು. ‘ಲಾಗಿದೆ’ಯನ್ನು ‘ಲಾಯಿತು’ ಮಾಡಿಸುವುದು ವರದಿಗಾರಿಕೆಯ ಅರ್ಧ ಕೆಲಸ.

ಅದೇ ನೀರಿನ ಘಟಕದ ವರದಿ ಒಂದು ಇಂಗ್ಲಿಷ್ ಪತ್ರಿಕೆಗೆ ಹೋಯಿತು. ಕಳಿಸಿದ ಪ್ರತಿಯಲ್ಲಿದ್ದದ್ದು ‘ಹ್ಯಾಸ್ ನಾಟ್ ಬೀನ್ ರಿಪೇರ್ಡ್’. ಜಾಗ ಉಳಿಸಲೋ ಏನೋ, ಡೆಸ್ಕಿನಲ್ಲಿ ಅದು ‘ವಾಸ್ ನಾಟ್ ರಿಪೇರ್ಡ್’ ಆಗಿ ಅಚ್ಚಾಯಿತು. ಊರಿನವರು ಆ ತುಣುಕನ್ನು ಹಿಡಿದು ಕಚೇರಿಗೆ ಹೋದರೆ ಅಲ್ಲಿದ್ದವರು ಓದಿ, ‘ಇದು ಹಳೇ ವಿಷಯ ಅಲ್ವೇನ್ರೀ, ಆಗ ಆಗಿರಲಿಲ್ಲ ಅಂತ ಬರೆದಿದ್ದಾರೆ’ ಎಂದರು. ಘಟಕಕ್ಕೆ ಬೀಗ ಹಾಗೇ ಇತ್ತು. ಹೆಂಗಸರು ಒಂದೂವರೆ ಕಿಲೋಮೀಟರ್ ದೂರದ ತೋಟದ ಬೋರ್‌ವೆಲ್‌ನಿಂದ ಹಾಗೇ ಹೊರುತ್ತಿದ್ದರು. ಮುಂದಿನ ವರದಿಯಲ್ಲಿ ವಾಕ್ಯ ಹೀಗೆ ಹೋಯಿತು: ‘ಹ್ಯಾಸ್ ನಾಟ್ ಬೀನ್ ರಿಪೇರ್ಡ್ ಸಿನ್ಸ್ ಮಾರ್ಚ್’. ಪ್ರೆಸೆಂಟ್ ಪರ್ಫೆಕ್ಟ್ ಒಳಗೆ ಬಿಟ್ಟುಕೊಳ್ಳುವ ದಿನಾಂಕ ಇದೊಂದೇ ಬಗೆಯದು, ಶುರುವಾದ ದಿನ. ‘ಸಿನ್ಸ್’ ಇದ್ದರೆ ‘ಹ್ಯಾಸ್’ ತೆಗೆಯಲು ಯಾವ ಎಡಿಟರ್ ಕೈಯೂ ಸುಲಭಕ್ಕೆ ಏಳುವುದಿಲ್ಲ, ತೆಗೆದರೆ ವಾಕ್ಯವೇ ಮುರಿಯುತ್ತದೆ. ಅಂದಿನಿಂದ ನಮ್ಮ ಗುಂಪಿನಲ್ಲಿ ಇಂಗ್ಲಿಷಿಗೆ ಬರೆಯುವವರು ಬಾಕಿ ಉಳಿದ ಸಂಗತಿಗಳಿಗೆಲ್ಲ ‘ಸಿನ್ಸ್’ ಗೂಟ ಹೊಡೆದು ಕಳಿಸುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಕನ್ನಡದಲ್ಲೂ ಅದು ಕೆಲಸಕ್ಕೆ ಬರುತ್ತದೆ. ‘ದುರಸ್ತಿಯಾಗಿಲ್ಲ’ಕ್ಕಿಂತ ‘ಮಾರ್ಚ್‌ನಿಂದ ದುರಸ್ತಿಯಾಗಿಲ್ಲ’ ಗಟ್ಟಿ.

ಹಾಗಾಗಿ ಈಗ ಕಲಿಯುತ್ತಿರುವ ತಮ್ಮ ತಂಗಿಯರಿಗೆ ಸೂತ್ರದ ಬದಲು ಮೂರು ಪ್ರಶ್ನೆ ಕೊಡುತ್ತೇವೆ. ವಾಕ್ಯದಲ್ಲಿ ಮುಗಿದ ದಿನ, ವಾರ, ವರ್ಷದ ಹೆಸರಿದೆಯೇ? ಇದ್ದರೆ ಇಂಗ್ಲಿಷಿನಲ್ಲಿ ‘ಹ್ಯಾಸ್’ ಬೇಡ. ಇಲ್ಲದಿದ್ದರೆ, ಅದೇ ವಾಕ್ಯವನ್ನು ಕನ್ನಡದಲ್ಲಿ ‘ಇಲ್ಲ’ ಹಾಕಿ ಹೇಳಿ ನೋಡಿ. ನಿಮ್ಮ ಅರ್ಥಕ್ಕೆ ‘ಬಂದಿಲ್ಲ’ ಒಪ್ಪುತ್ತದೋ, ‘ಬರಲಿಲ್ಲ’ ಒಪ್ಪುತ್ತದೋ? ಮೊದಲನೆಯದಾದರೆ ‘ಹ್ಯಾಸ್’, ಎರಡನೆಯದಾದರೆ ‘ಡಿಡ್’. ಮೂರನೆಯದು ವ್ಯಾಕರಣದ ಪ್ರಶ್ನೆ ಅಲ್ಲ, ಆದರೆ ಅದನ್ನು ಬಿಡಬೇಡಿ: ಈ ವಾಕ್ಯ ಓದಿದವರಿಗೆ ಇನ್ನೂ ಯಾರೋ ಏನೋ ಮಾಡಬೇಕಾಗಿದೆ ಎಂದು ತಿಳಿಯುತ್ತದೆಯೇ?

ನರಗುಂದದಲ್ಲಿ ಮಹದಾಯಿ ನೀರಿಗಾಗಿ ರೈತರು ಧರಣಿ ಕೂತದ್ದು 2015ರಲ್ಲಿ. ನ್ಯಾಯಮಂಡಳಿ ತೀರ್ಪು ಕೊಟ್ಟದ್ದು 2018ರ ಆಗಸ್ಟ್‌ನಲ್ಲಿ. ಕೂತರು, ಕೊಟ್ಟಿತು, ಎರಡೂ ಸಾದಾ ಭೂತಕಾಲ, ಎರಡಕ್ಕೂ ತಾರೀಕು ಉಂಟು. ತೀರ್ಪು ಬಂದು ವರ್ಷಗಳಾದರೂ ಆ ಕಡೆ ಹೋದ ವರದಿಗಾರರಿಗೆ ಚಹಾ ಕೊಟ್ಟು ರೈತರು ಹೇಳುತ್ತಿದ್ದದ್ದು ‘ನೀರು ಬಂದಿಲ್ರೀ’ ಅಂತ. ಅದನ್ನು ಯಾವ ಭಾಷೆಗೆ ತಂದರೂ ಆ ‘ಬಂದಿಲ್ಲ’ ‘ಬಂದಿಲ್ಲ’ವಾಗಿಯೇ ಉಳಿಯಬೇಕು. ‘ಬರಲಿಲ್ಲ’ ಅನ್ನುವುದಿದ್ದರೆ ಅವರೇ ಅನ್ನಲಿ.